ಬೆದರುಬೊಂಬೆಯ ಜಾಕೆಟ್ಟು
ಪುಣಜನೂರಿನ ಚಿಕ್ಕಬೀರಯ್ಯನಿಗೆ ಎಲ್ಲರ ಮೇಲೂ ಅನುಮಾನ. ಆನೆಗಳ ಮೇಲಂತೂ ಒಂದು ಕೈ ಹೆಚ್ಚು. ಚಾಮರಾಜನಗರದ ಮಾದಣ್ಣನ ಹಳೆಬಟ್ಟೆ ಅಂಗಡಿಗೆ ಬಂದರೆ, ಹೊರದೇಶದಲ್ಲಿ ಹಿಮದ ಮೇಲೆ ಜಾರಾಡುವವರು ತೊಟ್ಟು ಬಿಟ್ಟ ದಪ್ಪ ಜಾಕೆಟ್ಟುಗಳನ್ನು ಮೂಸಿ, ಜಿಪ್ಪನ್ನು ಹತ್ತು ಸಲ ಎಳೆದು, ತೋಳಿಗೆ ನೀರು ಚಿಮುಕಿಸಿ, "ಸತ್ತೋರ್ದಲ್ಲ ತಾನೆ ಮಾದಣ್ಣ?" ಎನ್ನುತ್ತಾನೆ. "ಸತ್ತೋರು ಬಂದು ಮಾರ್ಬುಟ್ಟೋಯ್ತಾರಾ? ತಕಳಯ್ಯ," ಎಂದು ಮಾದಣ್ಣ ನಗುತ್ತಾನೆ. ಚಿಕ್ಕಬೀರಯ್ಯನ ಐದು ಜಾಕೆಟ್ಟುಗಳಿಗೂ ಸರದಿಯುಂಟು: ಇಂದು ಕಾವಲಿಗೆ ಅವನು ತೊಟ್ಟದ್ದು ನಾಳೆ ಜೋಳದ ಹೊಲದ ಬೆದರುಬೊಂಬೆಗೆ. "ದಿನಾ ಒಂದ್ನೇ ಆಕುದ್ರೆ ಯಾವ್ದು ಬೊಂಬೆ, ಯಾವ್ದು ಮನ್ಸ ಅಂತ ಆನೆ ಕಂಡ್ಕಬುಡ್ತದೆ ಕಣ." ಪೇಟೆಗೆ ಮಾತ್ರ ಯಾವಾಗಲೂ ಆರನೆಯದಾದ ನೀಲಿಯದೇ. "ಅದು ಸವ್ದೋಗದೆ, ಬೊಂಬೆಗೆ ಆಕ್ಬುಡಯ್ಯ," ಎಂದ ಮಾದಣ್ಣ ಮೊನ್ನೆ. "ಆನೆ ತುಳ್ದು ಸತ್ತೋದ ನನ್ ತಮ್ಮಂದು ಇದು. ಒಂದ್ಸಲ ಬೊಂಬೆಗೆ ಆಕಿದ್ದೆ. ಅವ್ವ ಹೊಲದ ಬದಿನ ಮೇಲೆ ನಿಂತ್ಕಂಡು ಆ ಬೊಂಬೆನ ಉಣ್ಣಾಕೆ ಬಾ ಮಗ ಅಂತ ಕರದ್ಬುಟ್ಲು."