ಗುಲಾಬಿಗೆ ಬಂದಿದ್ದ ಕಾಗದ

ನಿನಗೆ ಕಾಗದ ಬಂದಿತ್ತು, ಗುಲಾಬಿ. ಬರಲೇ ಇಲ್ಲ ಎಂದು ನೀನು ಮೂವತ್ತು ವರ್ಷಗಳಿಂದ ನಂಬಿಕೊಂಡಿರುವ ಆ ನರ್ಸಿಂಗ್ ಶಾಲೆಯ ಕಾಗದ — ಬಂದಿತ್ತು. ಅದನ್ನು ಒಡೆದು ಓದಿದವಳು, ಮುಚ್ಚಿಟ್ಟವಳು, ಕೊನೆಗೆ ಬಚ್ಚಲೊಲೆಗೆ ಹಾಕಿದವಳು ನಾನು. ಅಮ್ಮನಿಗೆ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಇಬ್ಬರೂ ಈಗ ಇಲ್ಲ. ಮಣಿಪಾಲದ ಈ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾನು ಮತ್ತು ಈ ಗುಟ್ಟು, ಇಬ್ಬರೇ ಸಂಸಾರ ಮಾಡಿಕೊಂಡು ಬಂದಿದ್ದೇವೆ.

ಯಾಕೆ ಹಾಗೆ ಮಾಡಿದೆ ಎಂದು ಹೇಳುತ್ತೇನೆ. ಅದನ್ನು ಸಮಜಾಯಿಷಿ ಎಂದು ತಿಳಿಯಬೇಡ.

ಕಾರ್ಕಳದ ಆಚೆಗಿನ ನಮ್ಮೂರಲ್ಲಿ ನಮ್ಮದು ರಸ್ತೆ ಬದಿಯ ದೊಡ್ಡ ಮನೆ, ನಿಮ್ಮದು ಗುಡ್ಡೆಯ ಮೇಲಿನ ಕಾಲನಿ. ಕಾಲನಿ ಎಂದರೆ ಸಾಕಿತ್ತು, ಜಾತಿಯನ್ನು ಬೇರೆ ಹೇಳಬೇಕಾಗಿರಲಿಲ್ಲ. ಕಾಲನಿಯವರು ವಿಳಾಸ ಬರೆಯುವಾಗ ತಮ್ಮ ಹೆಸರಿನ ಕೆಳಗೆ ‘ಕೇರಾಫ್’ ಎಂದು ನನ್ನ ಅಪ್ಪನ ಹೆಸರು ಹಾಕುತ್ತಿದ್ದರು. ಅಷ್ಟೂ ಜನರ ಕಾಗದ ನಮ್ಮ ಜಗಲಿಗೇ ಬಂದು ಬೀಳುತ್ತಿತ್ತು. ನನಗೆ ಅದೊಂದು ಹೆಮ್ಮೆ ಬೇರೆ — ಊರಿಗೆ ಉಪಕಾರ ಮಾಡುವ ಮನೆ ನಮ್ಮದು ಎಂದು!

ನಾವಿಬ್ಬರೂ ಒಂದೇ ತರಗತಿ. ನೀನು ನನಗಿಂತ ಎಂಟು ತಿಂಗಳು ದೊಡ್ಡವಳು, ಆದರೂ ‘ಅಕ್ಕ’ ಎನ್ನುತ್ತಿದ್ದವಳು ನೀನು. ಪಿಯುಸಿಯಲ್ಲಿ ನಿನ್ನ ಅಂಕ ನನ್ನದಕ್ಕಿಂತ ಹೆಚ್ಚು. ಪರೀಕ್ಷೆ ಮುಗಿದ ಮರುದಿನವೇ ನೀನು, ಹಾಸಿಗೆ ಹಿಡಿದಿದ್ದ ನನ್ನ ಅಜ್ಜಿಯನ್ನು ನೋಡಿಕೊಳ್ಳಲು ನಮ್ಮ ಮನೆಗೆ ಬರತೊಡಗಿದೆ. ಹಿಂದಿನ ಜಗಲಿಯ ಕೋಣೆಯಲ್ಲಿ ಅಜ್ಜಿ. ನೀನು ಅವರ ಮೈ ಒರೆಸಬಹುದಿತ್ತು, ಬಟ್ಟೆ ಬದಲಿಸಬಹುದಿತ್ತು, ತಬ್ಬಿ ಎತ್ತಿ ಕೂರಿಸಬಹುದಿತ್ತು. ಅಡುಗೆಕೋಣೆಯ ಕೊಡ ಮಾತ್ರ ಮುಟ್ಟುವಂತಿರಲಿಲ್ಲ. ಬಾಯಾರಿದರೆ ನೀನು ಬೊಗಸೆ ಒಡ್ಡಬೇಕು, ಅಮ್ಮ ಮೇಲಿನಿಂದ ನೀರು ಹೊಯ್ಯಬೇಕು. ನಾನು ಅಲ್ಲೇ ಕೂತು ಕಾದಂಬರಿ ಓದುತ್ತಿದ್ದೆ. ನನಗೇನೂ ಅನ್ನಿಸುತ್ತಿರಲಿಲ್ಲ.

ಆ ವರ್ಷ ನನಗೆ ಮಣಿಪಾಲದಲ್ಲಿ ಡಿಗ್ರಿಗೆ ಸೀಟು ಸಿಕ್ಕಿತು, ಹಾಸ್ಟೆಲೂ ಗೊತ್ತಾಯಿತು. ನೀನು ಮಂಗಳೂರಿನ ನರ್ಸಿಂಗ್ ಶಾಲೆಯೊಂದಕ್ಕೆ ಅರ್ಜಿ ಹಾಕಿದ್ದೆ — ತುಂಬಿಕೊಟ್ಟವಳು ನಾನೇ, ಕೇರಾಫ್ ಬರೆದವಳೂ ನಾನೇ. ಸುದ್ದಿ ತಿಳಿದ ಅಮ್ಮ ಅನ್ನ ಬಡಿಸುತ್ತಾ ನನಗೆ ಹೇಳಿದರು: “ಗುಲಾಬಿಗೆ ಸೀಟು ಸಿಕ್ಕಿದ್ರೆ ಹೋಗ್ಲಿ, ಒಳ್ಳೇದೇ. ಆದ್ರೆ ಅಜ್ಜಿಯನ್ನು ನೋಡ್ಲಿಕ್ಕೆ ಯಾರುಂಟು? ನನ್ನೊಬ್ಬಳಿಂದ ಆಗುವುದಿಲ್ಲ. ನೀನು ಎರಡು ವರ್ಷ ಮನೆಯಲ್ಲೇ ಇರು. ನಿನಗೆ ಎಂತ ಅವಸರ?”

ಒಬ್ಬಳು ಹೋಗಬೇಕಾದರೆ ಇನ್ನೊಬ್ಬಳು ಉಳಿಯಬೇಕು. ಲೆಕ್ಕ ಅಷ್ಟು ಸರಳವಾಗಿತ್ತು.

ವಾರ ಕಳೆದು ಒಂದು ಬೆಳಿಗ್ಗೆ ಕಾಗದ ಬಂತು. ಗೇಟಿನ ಹತ್ತಿರ ಇದ್ದವಳು ನಾನು. ಒಡೆದೆ — ಯಾಕೆ ಒಡೆದೆ? ನಿನ್ನ ಹೆಸರಿತ್ತಲ್ಲ ಅದರ ಮೇಲೆ? ಹತ್ತು ದಿನ ಬಿಟ್ಟು ಸಂದರ್ಶನಕ್ಕೆ ಬರಲು ಬರೆದಿದ್ದರು. ಸೀರೆಯ ಕಪಾಟಿನಲ್ಲಿ ಹಾಸಿದ್ದ ಪೇಪರಿನ ಅಡಿಗೆ ತಳ್ಳಿದೆ. ಒಂದೆರಡು ದಿನ ಯೋಚಿಸಿ ಕೊಟ್ಟರಾಯಿತು ಎಂದುಕೊಂಡಿದ್ದೆ — ನಿಜವಾಗಿಯೂ ಹಾಗೆ ಅಂದುಕೊಂಡಿದ್ದೆನೋ, ಈಗ ಹಾಗೆ ನೆನಪಿಟ್ಟುಕೊಂಡಿದ್ದೇನೋ —

ನೀನು ಬಟ್ಟೆ ಹಿಂಡುತ್ತಾ ಕೇಳಿದೆ: “ಅಕ್ಕ, ನನಗೆ ಎಂತಾದ್ರೂ ಕಾಗದ ಬಂತಾ?”

“ಬಂದ್ರೆ ನಿನಗೆ ಹೇಳದೆ ಇರ್ತೇನಾ ಮಾರಾಯ್ತಿ?” ಎಂದೆ. ನಗುತ್ತಲೇ ಎಂದೆ. ನೀನೂ ನಕ್ಕೆ.

ಸಂದರ್ಶನದ ದಿನ ದಾಟಿದ ಮೇಲೆ ಸುಟ್ಟೆ. ನಾನು ಹಾಸ್ಟೆಲಿಗೆ ಹೊರಟಾಗ ನನ್ನ ಟ್ರಂಕನ್ನು ಬಸ್ಸಿನ ತನಕ ಹೊತ್ತವಳು ನೀನು. ಅಜ್ಜಿ ಇನ್ನೂ ನಾಲ್ಕು ವರ್ಷ ಬದುಕಿದರು, ನಿನ್ನ ಕೈಯಲ್ಲೇ. ಅಷ್ಟರಲ್ಲಿ ನಾನು ಎಂಎ ಸೇರಿಯಾಗಿತ್ತು, ನಿನಗೆ ಕಾಪುವಿನ ಕಡೆ ಮದುವೆ ಗೊತ್ತಾಗಿತ್ತು.

ಈಗ ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವವಳು. ಬಡತನ, ಜಾತಿ, ಅವಕಾಶ — ಪ್ರತಿ ವರ್ಷ ಈ ಪಾಠ ಬರುತ್ತದೆ. ಚೆನ್ನಾಗಿ ಮಾಡುತ್ತೇನೆ ಎಂಬ ಹೆಸರೂ ಉಂಟು. ಮಕ್ಕಳು ಪಾಪ, ತಲೆಯೆತ್ತದೆ ಬರೆದುಕೊಳ್ಳುತ್ತಾರೆ. ಮನೆಗೆ ಬಂದು ಒಂದು ಲೋಟ ಕಾಫಿ ಮಾಡಿಕೊಂಡು ಒಬ್ಬಳೇ ಕೂರುತ್ತೇನೆ. ಯಾರನ್ನೂ ತೀರಾ ಹತ್ತಿರ ಬಿಟ್ಟುಕೊಳ್ಳಲಿಲ್ಲ ನಾನು. ಹತ್ತಿರ ಬಂದವರಿಗೆ ಇದನ್ನು ಹೇಳಬೇಕಾದೀತು ಎಂಬ ಹೆದರಿಕೆ.

ಹೋದ ತಿಂಗಳು ಮಂಡಿನೋವೆಂದು ಆಸ್ಪತ್ರೆಗೆ ಹೋದಾಗ ನೀನು ಸಿಕ್ಕಿದೆ. ಶಿರ್ವದ ವೃದ್ಧೆಯೊಬ್ಬರ ಗಾಲಿಕುರ್ಚಿಯ ಪಕ್ಕ ನಿಂತಿದ್ದೆ. ಅವರ ಮಕ್ಕಳೆಲ್ಲ ಗಲ್ಫಿನಲ್ಲಂತೆ, ನೀನು ಅವರ ಹೋಂ ನರ್ಸ್ ಅಂತೆ. “ನಿಮ್ಮ ಅಜ್ಜಿಯಿಂದ ಕಲಿತದ್ದು ಅಕ್ಕ, ಅದೇ ಇವತ್ತಿಗೂ ಅನ್ನ ಕೊಡ್ತಾ ಉಂಟು” ಎಂದು ನನ್ನ ಕೈ ಹಿಡಿದುಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇನ್ನೊಂದು ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೋ ಏನೋ.

“ಮಗಳು ನರ್ಸಿಂಗಿಗೆ ಅರ್ಜಿ ಹಾಕ್ತೇನೆ ಅಂತ ಹಠ ಮಾಡ್ತಾಳೆ. ನಾನೇ ಬೇಡ ಅಂದೆ. ನನಗೆ ಅಷ್ಟು ಅಂಕ ಇದ್ದೂ ಅವರು ಕರೀಲೇ ಇಲ್ಲ, ಅಲ್ವಾ? ನಮ್ಮಂಥವರನ್ನು ಕರೆಯುವುದಿಲ್ಲ ಅಕ್ಕ. ಇವಳೂ ನನ್ನ ಹಾಗೆ ಆಸೆ ಇಟ್ಕೊಂಡು ಕಾಯುವುದು ಎಂತಕ್ಕೆ?”

ಅಷ್ಟರಲ್ಲಿ ನನ್ನ ಟೋಕನ್ ನಂಬರ್ ಕೂಗಿದರು. ನಾನು ಎದ್ದು ಹೋದೆ. ಗುಲಾಬಿ, ಆಗಲೂ ಎದ್ದು ಹೋದೆ.

ಒಂದು ಕಾಗದ ಸುಟ್ಟೆ ಎಂದು ತಿಳಿದಿದ್ದೆ. ನೀನು ಅದರಿಂದ ಒಂದು ತೀರ್ಮಾನಕ್ಕೆ ಬಂದೆ, ಅದನ್ನು ಮಗಳಿಗೂ ಹೇಳಿಕೊಟ್ಟೆ. ನಿನ್ನ ಬದುಕಿಗೆ ನಾನು ಮಾಡಿದ್ದನ್ನು ತಿದ್ದಲು ಈಗ ಏನೂ ಇಲ್ಲ. ಆದರೆ ಈ ವರ್ಷದ ಅರ್ಜಿಗೆ ಇನ್ನೂ ಕೆಲವು ದಿನ ಉಂಟು ಎಂದು ವಿಚಾರಿಸಿ ತಿಳಿದಿದ್ದೇನೆ.

ಭಾನುವಾರ ಕಾಪುವಿಗೆ ಬರುತ್ತೇನೆ. ನಾನು ಬರೆದ ಈ ಕಾಗದವನ್ನು ನಿನ್ನ ಎದುರು ಕೂತು ಓದುತ್ತೇನೆ. ಮಗಳೂ ಇರಲಿ. ನಿನಗೊಬ್ಬಳಿಗೇ ಹೇಳಿದರೆ ನೀನು “ಇರ್ಲಿ ಅಕ್ಕ” ಎಂದುಬಿಡುತ್ತೀ. ಅದನ್ನು ಕೇಳಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ತನ್ನ ಅಮ್ಮನನ್ನು ಅವರು ಕರೆದಿದ್ದರು ಎಂದು ಆ ಹುಡುಗಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು. ಆಮೇಲೆ ಅವಳು ಹೊರಗೆ ಹೋಗಿ ಎಂದರೆ, ಹೋಗುತ್ತೇನೆ.