ಅಕ್ಕನ ಕೆಲಸಕ್ಕೆ ನಾನು ಹೋದದ್ದು

ನರ್ಸ್ ಆಗಬೇಕೆಂದು ಚಿಕ್ಕಂದಿನಲ್ಲಿ ಒಂದು ದಿನವೂ ಅಂದುಕೊಂಡವಳಲ್ಲ ನಾನು. ನನಗಿದ್ದ ಆಸೆ ಮಂಡಕ್ಕಿ ಭಟ್ಟಿ ಇಡುವುದು. ದಾವಣಗೆರೆಯ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಭಟ್ಟಿಗಳಿದ್ದವು. ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ನೋಡುತ್ತ ನಿಂತರೆ ನನಗೆ ಶಾಲೆಯ ನೆನಪೇ ಇರುತ್ತಿರಲಿಲ್ಲ. ನರ್ಸ್ ಆಗುವ ಆಸೆ ನನ್ನ ಅಕ್ಕನದು.

ಅದು ಅವಳಿಗೆ ಹತ್ತಿದ್ದು ಹರಿಹರದಲ್ಲಿ, ಅಜ್ಜಿಯ ಮನೆಯಲ್ಲಿ. ಐವತ್ತರ ದಶಕದ ಮಾತು. ಅಜ್ಜಿಯ ಕಾಲಿಗೆ ಹುಣ್ಣಾಗಿ, ಮಾಯದೆ ಕೊಳೆಯತೊಡಗಿತ್ತು. ಸೊಸೆಯರನ್ನೂ ಅವಳು ಹತ್ತಿರ ಬಿಡುತ್ತಿರಲಿಲ್ಲ. ಕಡೆಗೆ ಮಾವ ಆಸ್ಪತ್ರೆಯಿಂದ ಒಬ್ಬ ನರ್ಸಮ್ಮನನ್ನು ಕರೆತಂದ. ಬಿಳಿ ಸೀರೆಯ ಆ ಹೆಂಗಸು ಕೊಟ್ಟ ಕುರ್ಚಿಯನ್ನು ಬಿಟ್ಟು ನೆಲಕ್ಕೆ ಕೂತಳು. ಅಜ್ಜಿಯ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು ಬಿಸಿನೀರಲ್ಲಿ ತೊಳೆದಳು. ಹೊರಗಿನವರು ತಂಬಿಗೆ ಮುಟ್ಟಿದರೂ ಮತ್ತೆ ಬೆಳಗಿಸುತ್ತಿದ್ದ ಅಜ್ಜಿ ಅವತ್ತು ಆಕೆಯ ಕೈ ಬಿಡಲಿಲ್ಲ. ನಾನು ವಾಸನೆ ತಾಳದೆ ಹೊಳೆಯ ಕಡೆ ಓಡಿಹೋದೆ. ಅಕ್ಕ ಮಾತ್ರ ಕೊನೆಯವರೆಗೂ ಬೋಗುಣಿ ಹಿಡಿದುಕೊಂಡು ಅಲ್ಲೇ ಕೂತಿದ್ದಳಂತೆ.

ಅಲ್ಲಿಂದಾಚೆಗೆ ಮನೆಯಲ್ಲಿ ಹಳೇ ಪಂಚೆಯ ಒಂದು ಚೂರೂ ಉಳಿಯಲಿಲ್ಲ. ಎಲ್ಲವೂ ಪಟ್ಟಿಯಾಗಿ ನನ್ನ ಮೊಣಕಾಲಿಗೋ, ಪಕ್ಕದ ಮನೆಯ ಮೇಕೆಯ ಕಾಲಿಗೋ ಸುತ್ತಿಕೊಳ್ಳುತ್ತಿದ್ದವು. ನಾನು ಅವಳ ಕಾಯಂ ರೋಗಿ.

ಅಕ್ಕನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಎಳವೆಯಲ್ಲಿ ಸೋರಿ ಸೋರಿ ಹಾಗಾಗಿತ್ತು. ಬಲಗಿವಿಯೂ ಅಷ್ಟಕ್ಕಷ್ಟೆ. ಮನೆಯಲ್ಲಿ ಅದನ್ನು ಯಾರೂ ಊನವೆಂದು ಎಣಿಸಿರಲಿಲ್ಲ. ಎಲ್ಲಿಗೆ ಹೋದರೂ ನಾನು ಅವಳ ಎಡಗಡೆ ನಡೆಯುತ್ತಿದ್ದೆ. ಯಾರಾದರೂ ಮೆಲ್ಲಗೆ ಏನಾದರೂ ಕೇಳಿದರೆ ಅವಳ ಪರವಾಗಿ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಹೇಳುತ್ತಿದ್ದೇನೆಂಬುದು ನನಗೇ ಗೊತ್ತಾಗುತ್ತಿರಲಿಲ್ಲ.

ಅವ್ವನ ಬಾಣಂತನಕ್ಕೆಂದು ಶಾಲೆ ಬಿಟ್ಟು ಅಕ್ಕ ಹಿಂದೆ ಬಿದ್ದಿದ್ದರಿಂದ ಇಬ್ಬರೂ ಒಟ್ಟಿಗೇ ಎಸ್ಸೆಸ್ಸೆಲ್ಸಿ ಪಾಸಾದೆವು. ಆ ಬೇಸಿಗೆಯಲ್ಲಿ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿಗೆ ಹುಡುಗಿಯರನ್ನು ಆರಿಸುತ್ತಾರೆಂದು ತಿಳಿಯಿತು. ಅಪ್ಪ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು, ಪಾಳಿ ಬಿಟ್ಟು ಬರುವಂತಿರಲಿಲ್ಲ. ಒಬ್ಬಳೇ ಹೋಗುವುದು ಬೇಡವೆಂದು ನನ್ನನ್ನು ಜೊತೆಗೆ ಕಳಿಸಿದರು. ಅಕ್ಕ ತಲೆ ಬಿಗಿಯಾಗಿ ಹೆಣೆದುಕೊಂಡು, ಉಗುರು ಕತ್ತರಿಸಿಕೊಂಡು ಹೊರಟಳು.

ಒಳಗೆ ಒಬ್ಬ ಡಾಕ್ಟರಮ್ಮ ಕೂತಿದ್ದರು. ಅಕ್ಕ ಕೇಳಿದ್ದಕ್ಕೆಲ್ಲ ಚೆನ್ನಾಗಿ ಉತ್ತರ ಹೇಳಿದಳು. ಅವರ ತುಟಿ ನೋಡಿಕೊಂಡು ಹೇಳುತ್ತಿದ್ದಾಳೆಂದು ಬಾಗಿಲ ಬಳಿ ಬೆಂಚಿನ ಮೇಲಿದ್ದ ನನಗೆ ತಿಳಿಯುತ್ತಿತ್ತು. ಆಮೇಲೆ ಡಾಕ್ಟರಮ್ಮ ಎದ್ದು, ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ಕೇಳಿದರು: "ರಕ್ತ ಕಂಡ್ರೆ ಹೆದರ್ತೀಯೇನಮ್ಮ?"

ಅಕ್ಕ ಸುಮ್ಮನೆ ನಿಂತಿದ್ದಳು.

"ಇಲ್ರಿ, ಹೆದ್ರಲ್ಲ" ಎಂದೆ ನಾನು.

ಡಾಕ್ಟರಮ್ಮ ತಿರುಗಿ ನೋಡಿದರು. ಅಕ್ಕನೂ ತಿರುಗಿ ನೋಡಿದಳು, ನಾನು ಯಾಕೆ ಬಾಯಿ ತೆಗೆದೆನೆಂದು. ಅವರು ಅಕ್ಕನ ಹಿಂದೆ ಬಂದು ನಿಂತು ಅವಳ ಹೆಸರು ಹಿಡಿದು ಮೆಲ್ಲಗೆ ಕರೆದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅತ್ತುಬಿಟ್ಟೆ.

"ರೋಗಿ ನರಳಿದ್ದು ಕೇಳಿಸಬೇಕಲ್ಲ ತಾಯಿ, ನಾನು ಹೆಂಗೆ ತಗೊಳ್ಳಲಿ" ಎಂದರು ಡಾಕ್ಟರಮ್ಮ. ಒರಟಾಗಿ ಹೇಳಲಿಲ್ಲ. ಆಮೇಲೆ ನನ್ನ ಕಡೆ ನೋಡಿ, "ನೀನು ಎಷ್ಟು ಓದಿದೀಯ?" ಎಂದು ಕೇಳಿದರು.

ಮನೆ ಹತ್ತಿರ ಬಂದಾಗ ಅಕ್ಕ, "ನೀನಾರ ಹೋಗು" ಎಂದಳು.

"ನನಗೆ ಬ್ಯಾಡ."

"ಬ್ಯಾಡ ಅಂದ್ರೆ ಇಬ್ರಿಗೂ ಇಲ್ದಂಗೆ ಆಗ್ತೈತೆ."

ಕಂಡವರ ಮೈ ಮುಟ್ಟುವ ಕೆಲಸವೆಂದು ಅಪ್ಪ ತಕರಾರು ತೆಗೆದರು. ಅಕ್ಕನ ವಿಷಯಕ್ಕೆ ಅವರು ಹೇಗೋ ಒಪ್ಪಿದ್ದರು, ಅವಳ ಹಟ ಅಷ್ಟಿತ್ತು. ನನ್ನ ವಿಷಯಕ್ಕೂ ಅವಳೇ ಕೂತು ಒಪ್ಪಿಸಿದಳು. ಹೊರಡುವ ದಿನ ನನ್ನ ಜಡೆಯನ್ನು ತನ್ನದರ ಹಾಗೇ ಬಿಗಿಯಾಗಿ ಹೆಣೆದಳು. ಎಳೆದದ್ದು ನೋಯುತ್ತಿತ್ತು.

ತರಬೇತಿಯಲ್ಲಿ ನಾನು ಮುಂದಿದ್ದೆ. ಆಸೆಯಿಂದ ಕಲಿತೆನೆಂದರೆ ಸುಳ್ಳಾಗುತ್ತದೆ. ತಪ್ಪಾದಾಗಲೆಲ್ಲ ಅಕ್ಕನಾಗಿದ್ದರೆ ತಪ್ಪುತ್ತಿರಲಿಲ್ಲ ಎನ್ನಿಸುತ್ತಿತ್ತು. ಆ ಹೆದರಿಕೆಯಿಂದ ಕಲಿತೆ. ನನ್ನ ಜೊತೆಯವರು ಮನೆ ಕಟ್ಟುವ, ಮದುವೆಯಾಗುವ ಲೆಕ್ಕದಲ್ಲಿದ್ದರು. ನನಗೆ ಮುಂದೆ ಏನಾಗಬೇಕೆಂದು ಯೋಚಿಸುವ ಹಕ್ಕೇ ಇಲ್ಲವೆಂಬಂತಿತ್ತು. ಅವಳು ಏನಾಗಬೇಕೆಂದಿದ್ದಳೋ ಅದಾದರೆ ಸಾಕಿತ್ತು.

ಅರವತ್ತರ ದಶಕದ ಕೊನೆಗೆ ನನಗೆ ಹರಿಹರದ ಒಂದು ಆಸ್ಪತ್ರೆಯಲ್ಲಿ ಕೆಲಸವಿತ್ತು. ಅಕ್ಕನನ್ನು ಕುಕ್ಕುವಾಡಕ್ಕೆ ಕೊಟ್ಟಿದ್ದರು. ಗಂಡ ಒಳ್ಳೆಯವನು, ಹೊಲಮನೆ ಇತ್ತು. ಎರಡನೇ ಹೆರಿಗೆಗೆ ಅವಳು ನನ್ನ ವಾರ್ಡಿಗೇ ಬಂದಳು. ನೋವಿನ ನಡುವೆಯೂ ಅವಳ ಕಣ್ಣು ನನ್ನ ಕೈಯನ್ನೇ ಹಿಂಬಾಲಿಸುತ್ತಿತ್ತು. ಪಕ್ಕದ ಹಾಸಿಗೆಯ ಹೆಂಗಸಿಗೆ ನಾನು ಥರ್ಮಾಮೀಟರ್ ಇಡಲು ಹೋದಾಗ, "ಜಾಡಿಸ್ಲಿಲ್ಲ ನೀನು" ಎಂದಳು. ಜಾಡಿಸಿ ಪಾದರಸ ಇಳಿಸುವುದನ್ನು ನಿಜವಾಗಿಯೂ ಮರೆತಿದ್ದೆ.

ಗಂಡುಮಗುವಾಯಿತು. ಮರುದಿನ ಮಧ್ಯಾಹ್ನ ಅವಳ ತಲೆ ಬಾಚುತ್ತ, ಬಲಗಿವಿಯ ಹತ್ತಿರ ಬಗ್ಗಿ, ಎಷ್ಟೋ ವರ್ಷದಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ.

"ಅಕ್ಕ, ನನ್ನ ಮ್ಯಾಲೆ ಸಿಟ್ಟೈತಾ?"

ಇಲ್ಲ ಎನ್ನುತ್ತಾಳೆ, ನನ್ನ ಭಾರ ಇಳಿಯುತ್ತದೆ ಎಂದು ಕಾದಿದ್ದೆ.

"ಇತ್ತು" ಎಂದಳು ಅಕ್ಕ. "ನೀನು ರಜಕ್ಕೆ ಬಿಳಿ ಸೀರೆ ಉಟ್ಕಂಡು ಬಂದ್ರೆ ನಾನು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ತಿದ್ದೆ, ನೋಡಬಾರ್ದು ಅಂತ. ಸುಳ್ಳು ಯಾಕ ಹೇಳ್ಲಿ."

"ಈಗ?"

"ಈಗೂ ಒಂದೊಂದ್ಸಲ ಆಗ್ತೈತೆ. ನೀನೇನು ಬೇಕಂತ ಮಾಡಿದ್ದಲ್ಲ, ಅದು ನಂಗೂ ಗೊತ್ತು. ಗೊತ್ತಿದ್ರೂ ಆಗ್ತೈತೆ."

ಆಮೇಲೆ ಮಗುವಿಗೆ ಹಸಿವಾಗಿದೆ, ಎತ್ತಿಕೊಡು ಎಂದಳು. ಅದು ಅಳುತ್ತಿರುವುದು ಅವಳಿಗೆ ಕೇಳಿಸಿರಲಿಲ್ಲ, ಬಾಯಾಡಿಸುವುದು ಕಂಡಿತ್ತು. ನಾನು ಎತ್ತಿಕೊಟ್ಟು, ಬಾಚಣಿಗೆ ಹಿಡಿದು ಇನ್ನಷ್ಟು ಹೊತ್ತು ಅಲ್ಲೇ ನಿಂತಿದ್ದೆ. ವಾರ್ಡಿನ ಆ ತುದಿಯಿಂದ ಯಾರೋ "ಸಿಸ್ಟರ್" ಎಂದು ಕೂಗಿದರು. ಹೋದೆ.