ಅಗಳಿ ಹಾಕಿದ ಕದ

ನಮ್ಮ ಮನೆಯಲ್ಲಿ ಬಾಗಿಲು ಎಂದರೆ ಬರೀ ಕಟ್ಟಿಗೆಯಲ್ಲ. ಬೆಳಗ್ಗೆ "ಬಾಗಿಲಿಗಿ ನೀರ್ ಹಾಕು" ಎಂದರೆ ಅಂಗಳಕ್ಕೆ ಎಂದರ್ಥ. "ಬಾಗಿಲ ಮುಂದ ಮಾಡು" ಎಂದರೆ ಚಿಲಕ ಹಾಕದೆ ಸುಮ್ಮನೆ ಎಳೆದುಕೊ ಎಂದು. ಊರಲ್ಲಿ ಯಾರದಾದರೂ ವಂಶ ಉಳಿಯದಿದ್ದರೆ "ಅವರ ಬಾಗಿಲ ಮುಚ್ಚಿತು" ಎನ್ನುತ್ತಾರೆ. ಆ ಮಾತನ್ನು ಮಾತ್ರ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ದನಿ ತಗ್ಗಿಸಿಯೇ ಆಡುತ್ತಿದ್ದಳು.

ಆಯಿಗೆ ತಲಬಾಗಿಲಿನ ಮೇಲಿದ್ದಷ್ಟು ಅಕ್ಕರೆ ನಮ್ಮ ಮೇಲೆ ಇತ್ತೋ ಇಲ್ಲವೋ, ನನಗೆ ಇಂದಿಗೂ ಅನುಮಾನ. ಸಾಗವಾನಿಯ ಎರಡು ಕದ, ಹಿತ್ತಾಳೆಯ ಮೊಳೆ. ಬಿಜಾಗರಿ ಇಲ್ಲ. ಕದದ ಮೇಲೂ ಕೆಳಗೂ ಇರುವ ಕಟ್ಟಿಗೆಯ ಗೂಟ ಕುಳಿಯಲ್ಲಿ ಕೂತು ತಿರುಗುತ್ತದೆ, ಎತ್ತಿದರೆ ಕಳಚಿ ಬರುತ್ತದೆ. ಆದರೆ ಎತ್ತುವವರು ಯಾರು? ಬಾಳುವ ಮನೆಯ ಕದ ಕಳಚಿದರೆ ಬಾಗಿಲು ಮುಚ್ಚಿದ ಹಾಗೇ ಎಂದು ಆಯಿ ನಂಬಿದ್ದಳು. ನಾನು ಹೊಸ್ತಿಲ ಮೇಲೆ ಕೂತರೇ ಬೆನ್ನಿಗೆ ಬೀಳುತ್ತಿತ್ತು.

ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಎದುರು ಮನೆಯಾಕೆ ತಮ್ಮ ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಅವರ ಬಾಗಿಲು ನಮ್ಮ ಬಾಗಿಲಿಗೆ ಎದುರಾಯಿತು. ಆಯಿ ಓಣಿಯಲ್ಲೇ ನಿಂತು ಜಗಳಕ್ಕಿಳಿದಳು.

"ಬಾಗಲಕ್ಕ ಬಾಗಲಾ ಎದುರಾದ್ರ ನಮ್ಮ ಮನ್ಯಾಗಿಂದೆಲ್ಲಾ ನಿಮ್ಮ ಮನಿಗಿ ಬರ್ತದ. ಒಂದ್ ಮೊಳ ಸರಸಿ ಕೂಡ್ಸಬೇ!"

ಖಾಲಾ ನಕ್ಕರು. "ಹಂಗಾದ್ರ ನಮ್ಮದೂ ನಿಮ್ಮ ಮನಿಗಿ ಬರ್ತದಲ್ಲಕ್ಕಾ. ಹಿಸಾಬ್ ಬರೋಬರಿ ಆಯ್ತು."

ನಕ್ಕದ್ದೇ ತಪ್ಪಾಯಿತು. ಅವರ ಮನೆಗೆ ನೇರಕ್ಕಿದ್ದ ನಮ್ಮ ಬಲಗಡೆಯ ಕದಕ್ಕೆ ಅವತ್ತೇ ಅಗಳಿ ಬಿತ್ತು. ಹಬ್ಬಕ್ಕೂ ಅದನ್ನು ತೆಗೆಯಲಿಲ್ಲ. ಈ ಕಡೆಯ ಹೋಳಿಗೆ ಆ ಕಡೆ ಹೋಗುವುದು ನಿಂತಿತು, ಆ ಕಡೆಯ ರಂಜಾನ್ ಪಾಯಸ ಸುರ್ಕುಂಬಾ ಈ ಕಡೆ ಬರುವುದೂ ನಿಂತಿತು. ನನಗೆ ಸಿಟ್ಟು ಬಂದದ್ದು ಸುರ್ಕುಂಬಾ ನಿಂತದ್ದಕ್ಕೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಖಾಲಾನ ಸೊಸೆ, ನಾನು ಭಾಬಿ ಎನ್ನುತ್ತಿದ್ದವಳು, ಆಳಂದದ ಕಡೆಯ ಹುಡುಗಿ. ಅವಳ ಮೊದಲ ಬಸಿರು ನಿಲ್ಲಲಿಲ್ಲ. ಆಗಲೂ ಆಯಿ ಓಣಿ ದಾಟಿ ಹೋಗಲಿಲ್ಲ. ಆದರೆ ಆ ದಿನ ಅವಳು ಊಟ ಮಾಡಲಿಲ್ಲ. ಯಾಕೆ ಎಂದು ಕೇಳಿದರೆ "ಹಸಿವಿಲ್ಲ" ಎಂದಳು.

ಮುಂದಿನ ವರ್ಷದ ಮಳೆಗಾಲ. ಭಾಬಿಗೆ ಮತ್ತೆ ದಿನ ತುಂಬುತ್ತಿದ್ದವು. ಒಂದು ಮಧ್ಯಾಹ್ನ ಅವಳು ಅಂಗಳದಲ್ಲಿ ಜಾರಿ ಬಿದ್ದಳು. ರಕ್ತ ಹೋಗತೊಡಗಿತು. ಫೋನ್ ಮಾಡಿದ್ದಕ್ಕೆ ಆಂಬ್ಯುಲೆನ್ಸ್ ಬಂದಿತ್ತು, ಆದರೆ ಚೌಡಾಪುರದ ರಸ್ತೆಯಲ್ಲೇ ನಿಂತಿತ್ತು. ಊರೊಳಗಿನ ಎರೆಮಣ್ಣಿನ ರಾಡಿಗೆ ಗಾಡಿ ಇಳಿಸಿದರೆ ಮೇಲೇಳುವುದಿಲ್ಲ ಎಂದು ಚಾಲಕ ಹೇಳಿದ. ಅವನು ಹೇಳಿದ್ದೂ ಸರಿಯೇ. ಗಂಡಸರು ಭಾಬಿಯನ್ನು ಕಬ್ಬಿಣದ ಮಂಚದ ಮೇಲೆ ಮಲಗಿಸಿ ಹೊತ್ತರು. ಓಣಿ ತಿರುಗುವ ಇಕ್ಕಟ್ಟಿನಲ್ಲಿ ಮಂಚ ಸಿಕ್ಕಿಕೊಂಡಿತು. ಓರೆ ಮಾಡಿದರೆ ಭಾಬಿ ಜಾರುತ್ತಾಳೆ. ಖಾಲಾ ಗೋಡೆ ಹಿಡಿದು ನಿಂತುಬಿಟ್ಟರು.

ಆಯಿ ಅರ್ಧ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳ ಹಿಂದೆ ಇದ್ದೆ. ಅವಳ ಕೈ ಅಗಳಿಯ ಮೇಲೆ ಹೋದದ್ದು ನನಗೆ ಕಂಡಿತು. ತುಸು ಹೊತ್ತು ಅಲ್ಲೇ ಇತ್ತು. ಆಮೇಲೆ ಅಗಳಿ ಸರಿದ ಸದ್ದಾಯಿತು.

"ಬಾಯಿ ತಗದು ಏನ್ ನೋಡಾಕತ್ತೀರಲೇ? ಈ ಕದಾ ಎತ್ರಿ. ಮಂಚದಷ್ಟು ಅಗಲ ಇಲ್ಲ, ಓಣ್ಯಾಗ ಹಿಡಿತದ."

ಅಪ್ಪ ತಡವರಿಸಿದ. "ಅವ್ವಾ, ನೀನಽ ಅಂತಿದ್ದಿ, ಬಾಳೋ ಮನಿ ಕದಾ..."

"ನಂಗೊತ್ತದ ಏನ್ ಅಂತಿದ್ದೆ ಅಂತ. ಎತ್ತಲೇ!"

ಮೊಳೆ ಒತ್ತಬಾರದೆಂದು ಕದದ ಮೇಲೆ ತನ್ನ ಕೌದಿಯನ್ನು ತಾನೇ ಮಡಚಿ ಹಾಸಿದಳು. ಅದರ ಮೇಲೆ ಭಾಬಿಯನ್ನು ಮಲಗಿಸಿ ನಾಲ್ವರು ಹೊತ್ತು ಮೊಣಕಾಲವರೆಗಿನ ರಾಡಿಯಲ್ಲಿ ನಡೆದರು. ಖಾಲಾ ಹಿಂದೆಯೇ ಓಡಿದರು.

ಅರ್ಧ ಬಾಗಿಲು ಬಯಲಾಯಿತು. ಅಪ್ಪ ಚಾದರ ಕಟ್ಟುತ್ತೇನೆಂದರೆ ಆಯಿ ಬೇಡ ಎಂದಳು. ಕದ ಇದ್ದ ಜಾಗದಲ್ಲಿ, ನಮ್ಮನ್ನು ಎಂದೂ ಕೂರಗೊಡದ ಹೊಸ್ತಿಲ ಮೇಲೆಯೇ ಕೂತಳು. ಎರಚಲು ಹೊಡೆದರೂ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಫಜಲಪುರದ ಆಸ್ಪತ್ರೆಯಿಂದ ಫೋನ್ ಬಂತು. ಹೆಣ್ಣು ಕೂಸು, ತಾಯಿಯೂ ಆರಾಮ. ನಾನು ಹೇಳುತ್ತಲೇ ಆಯಿ ಸೆರಗು ಬಾಯಿಗೊತ್ತಿ ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಕದ ಮರುದಿನ ವಾಪಸ್ ಬಂತು. ಖಾಲಾ ಅದನ್ನು ತೊಳೆದು ಒರೆಸಿ ತಂದಿದ್ದರು. ನೀರು ಕುಡಿದು ಕಟ್ಟಿಗೆ ಉಬ್ಬಿತ್ತು. ಕೂಡ್ರಿಸಿದರೆ ಕೂತಿತು, ಮುಚ್ಚಿದರೆ ಮುಚ್ಚಲಿಲ್ಲ. ಬಡಿಗ ಬಂದು ಸ್ವಲ್ಪ ಹೆರೆದರೆ ಸಾಕು ಎಂದ. "ಕೈ ಹಚ್ಚಬ್ಯಾಡ" ಎಂದು ಆಯಿ ಅವನಿಗೆ ಚಹಾ ಕುಡಿಸಿ ಕಳಿಸಿದಳು. ಬೇಸಿಗೆಗೆ ಕಟ್ಟಿಗೆ ಒಣಗಿ ಕದ ತಾನಾಗಿಯೇ ಮುಚ್ಚತೊಡಗಿತು. ಆಯಿ ಅದಕ್ಕೆ ಒರಳಿನ ಗುಂಡುಕಲ್ಲು ಅಡ್ಡ ಇಟ್ಟಳು. ಕತ್ತಲಾದ ಮೇಲಷ್ಟೇ ಆ ಕಲ್ಲು ಸರಿಯುತ್ತಿತ್ತು.

ಅಂಬೆಗಾಲು ಬಂದದ್ದೇ ಕೂಸು ತಮ್ಮ ಬಾಗಿಲು ದಾಟಿ, ಓಣಿ ದಾಟಿ, ಆ ಕಡೆ ಈ ಕಡೆ ನೋಡದೆ ನೆಟ್ಟಗೆ ನಮ್ಮ ಹೊಸ್ತಿಲಿಗೆ ಬಂತು. ಹಿಂದೆಯೇ ಓಡಿಬಂದ ಖಾಲಾ ಅಂಗಳದಲ್ಲಿ ನಿಂತು ನಕ್ಕರು. ಈ ಸಲ ಆ ನಗುವಿಗೆ ಸಿಟ್ಟು ಮಾಡುವವರಿರಲಿಲ್ಲ.

"ನೋಡಕ್ಕಾ, ನಾ ಅವತ್ತಽ ಅಂದಿದ್ದೆ. ನಮ್ಮದು ನಿಮ್ಮ ಮನಿಗಿ ಬರ್ತದ ಅಂತ."

ಆಯಿ ಕೂಸನ್ನೆತ್ತಿ ಕಂಕುಳಲ್ಲಿ ಕೂರಿಸಿಕೊಂಡಳು.

"ಬಂದದ್ದು ಬಂತು. ಇನ್ನ ವಾಪಸ್ ಕೊಡಂಗಿಲ್ಲ, ಹೋಗಬೇ" ಎಂದು ಒಳಗೆ ನಡೆದಳು.